ಸರಿ ಎಂದು ಕೂಗುವ ಮೊದಲು

ನಮ್ಮ ಯಜಮಾನರು ಮಂಗಳೂರು ಕಡೆಯವರು, ನಾನು ಮೈಸೂರಿನವಳು. ಅವರ ಮನೆಮಾತು ತುಳು, ನನಗೆ ಅದರ ಗಂಧಗಾಳಿ ಇಲ್ಲ. ಹಾಗಾಗಿ ಮದುವೆಯಾದ ದಿನದಿಂದ ನಮ್ಮ ಪ್ರೀತಿಯೂ ಜಗಳವೂ ಕನ್ನಡದಲ್ಲೇ ನಡೆದುಕೊಂಡು ಬಂದಿದೆ. ಅವರದು ಪಾಠ ಒಪ್ಪಿಸುವವರ ಹಾಗೆ ನಿಧಾನಕ್ಕೆ ಬಿಡಿಸಿ ಆಡುವ ಕನ್ನಡ. ನನ್ನದು ಒಗ್ಗರಣೆ ಸಿಡಿದ ಹಾಗೆ. ಒಂದು ಸಲ ಹೇಳಿದ್ದನ್ನು ಎರಡನೇ ಸಲ ಹೇಳುವ ತಾಳ್ಮೆ ನನಗೆ ಹುಟ್ಟಿನಿಂದಲೇ ಇಲ್ಲ. ನಮ್ಮಮ್ಮ ಬಯ್ಯುತ್ತಿದ್ದರು, ನಿನ್ನ ಬಾಯಿಗೆ ತಕ್ಕ ಕಿವಿ ಇರೋ ಗಂಡನ್ನ ಎಲ್ಲಿಂದ ತರೋಣ ಎಂದು.

ದೋಹಾದಲ್ಲಿ ನಮ್ಮಿಬ್ಬರಿಗೂ ವಿಮಾನ ನಿಲ್ದಾಣದಲ್ಲೇ ಕೆಲಸ. ಎರಡು ಸಾವಿರದ ದಶಕದ ನಡುವಿನ ವರ್ಷಗಳು ಅವು. ಈಗಿನ ದೊಡ್ಡ ನಿಲ್ದಾಣ ಇನ್ನೂ ಆಗಿರಲಿಲ್ಲ, ಪ್ರಯಾಣಿಕರನ್ನು ಬಸ್ಸಿನಲ್ಲಿ ತುಂಬಿಸಿ ವಿಮಾನದ ಬುಡಕ್ಕೆ ಒಯ್ದು ಬಿಡುತ್ತಿದ್ದರು. ಯಾವ ವಿಮಾನದ ಹೊಟ್ಟೆಯಲ್ಲಿ ಎಷ್ಟು ತೂಕ, ಮುಂದಕ್ಕೆಷ್ಟು ಹಿಂದಕ್ಕೆಷ್ಟು ಎಂದು ಲೆಕ್ಕ ಹಾಕಿ ಕ್ಯಾಪ್ಟನ್ನಿಗೆ ಕೊಡುವ ಲೋಡ್ ಕಂಟ್ರೋಲ್ ಆಫೀಸಿನಲ್ಲಿ ನಾನಿದ್ದೆ. ಎ.ಸಿ.ಯಲ್ಲಿ ಕೂತು ನಾನು ಹಾಕಿದ ಲೆಕ್ಕವನ್ನು ಬಿಸಿಲಿನಲ್ಲಿ ನಿಂತು ನಿಜವಾಗಿ ತುಂಬಿಸುವ ತಂಡದ ಸೂಪರ್‌ವೈಸರ್ ಅವರು. ವಿಮಾನ ನಿಲ್ಲುವ ಆ ಬಯಲಿಗೆ ರ‍್ಯಾಂಪ್ ಎನ್ನುತ್ತಾರೆ. ಕಾಲಡಿಯಲ್ಲಿ ಕಾದ ಕಾಂಕ್ರೀಟು, ತಲೆಯ ಮೇಲೆ ಸೂರ್ಯ, ಎರಡೂ ಕಡೆ ಇಂಜಿನ್ನಿನ ಅಬ್ಬರ. ನಾವು ದೋಹಾಕ್ಕೆ ಬರುವ ಮೊದಲಿನ ವರ್ಷಗಳಲ್ಲಿ ಇವರು ಬೇರೆ ಊರಿನ ನಿಲ್ದಾಣಗಳಲ್ಲಿ ಕಿವಿಗೆ ಬರೀ ಹತ್ತಿ ತುರುಕಿಕೊಂಡು ದುಡಿದವರು. ಕಿವಿ ಮುಚ್ಚುವ ಮಫ್ ಕೊಟ್ಟ ಮೇಲೂ ಬೆವರು ಇಳಿದು ಹುಣ್ಣಾಗುತ್ತದೆ ಎಂದು ಕುತ್ತಿಗೆಗೆ ಹಾಕಿಕೊಳ್ಳುವುದೇ ಹೆಚ್ಚು.

ಕೊನೆಯ ಗಳಿಗೆಯಲ್ಲಿ ತೂಕ ಬದಲಾದರೆ ನಾನು ವಾಕಿ-ಟಾಕಿಯಲ್ಲಿ ಹೇಳಬೇಕು, ಅವರು ಅದನ್ನು ತಿರುಗಿ ಹೇಳಬೇಕು. ಅದೇ ಕ್ರಮ. ಆದರೆ ಒಂದು ಚಳಿಗಾಲದಿಂದ ಇವರು ಮೆಟ್ಟಿಲು ಹತ್ತಿಕೊಂಡು ನಮ್ಮ ಆಫೀಸಿಗೇ ಬರತೊಡಗಿದರು. ರೇಡಿಯೋ ಸರಿ ಇಲ್ಲ, ಎದುರಿಗೇ ಹೇಳಿಬಿಡು ಎನ್ನುತ್ತಿದ್ದರು. ನನ್ನ ಪಕ್ಕದ ಮೇಜಿನ ಮಲಯಾಳಿ ಹೆಂಗಸು ಹಿಂದಿಯಲ್ಲಿ ಚುಡಾಯಿಸುತ್ತಿದ್ದಳು: ತೂಕ ಕೇಳುವ ನೆಪ, ಹೆಂಡತಿ ಮುಖ ನೋಡುವ ಜಪ ಎಂದು. ನಾನು ಹೊರಗೆ ಸಿಡುಕಿದರೂ ಒಳಗೆ ಹಿಗ್ಗುತ್ತಿದ್ದೆ. ಅವರು ಬರುವ ಹೊತ್ತಿಗೆ ತಲೆ ಸರಿ ಮಾಡಿಕೊಂಡು ಕೂತಿರುತ್ತಿದ್ದೆ ಎಂದರೆ ನೀವೇ ಊಹಿಸಿ. ಮದುವೆಯಾಗಿ ಇಷ್ಟು ವರ್ಷದ ಮೇಲೆ ಗಂಡನಿಗೆ ಹೊಸದಾಗಿ ಮೋಹ ಬಂತು ಎಂದೇ ನಂಬಿದ್ದೆ.

ಮನೆಯಲ್ಲಿ ಮಾತ್ರ ಅವರ ವರಸೆ ಬೇರೆ. ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಅಡುಗೆಮನೆಯಿಂದ ಕೂಗಿದರೆ ಉತ್ತರವೇ ಇಲ್ಲ. ಜಾಣಕಿವುಡು ಎಂದು ಬಯ್ಯುತ್ತಿದ್ದೆ. ತರಕಾರಿ ತನ್ನಿ ಎಂದರೆ ಕೇಳಿಸಲ್ಲ, ಊಟಕ್ಕೆ ಬನ್ನಿ ಅನ್ನೋದು ಹೇಗೆ ಕೇಳಿಸುತ್ತೆ ಎಂದು ಅಣಕಿಸುತ್ತಿದ್ದೆ. ಮಗಳು ಇಂಗ್ಲಿಷ್ ಶಾಲೆಯವಳು, ಕನ್ನಡ ಮುರುಕು, ಆದರೂ ಅರಳು ಹುರಿದ ಹಾಗೆ ಮಾತು. ಶಾಲೆಯಿಂದ ಬಂದವಳು ಅಪ್ಪನ ಬಳಿ ಏನೋ ಹೇಳುತ್ತಾಳೆ, ಇವರು ಹ್ಞೂಂ ಎನ್ನುತ್ತಾರೆ, ಪ್ರಶ್ನೆ ಕೇಳಿದರೂ ಹ್ಞೂಂ. ಬರುಬರುತ್ತಾ ಅವಳು ಅಪ್ಪನ ಹತ್ತಿರ ಹೋಗುವುದನ್ನೇ ಬಿಟ್ಟಳು. ಒಂದು ದಿನ ನನ್ನ ಸೆರಗು ಹಿಡಿದು ಕೇಳಿದಳು, “ಅಪ್ಪನಿಗೆ ನನ್ನ ಕನ್ನಡ ಇಷ್ಟ ಇಲ್ಲ ಅಲ್ವಾಮ್ಮಾ?” ನಾನು ಇವರ ಮೇಲೆ ಹರಿಹಾಯ್ದೆ. ಮಗುವಿನ ಜೊತೆ ನಾಲ್ಕು ಮಾತಾಡಿದರೆ ಗಂಟು ಹೋಗುತ್ತದೆಯೇ ಎಂದು ರೇಗಿದೆ. ಅವರು ನನ್ನ ಮುಖವನ್ನೇ ನೋಡುತ್ತಾ ಎಲ್ಲ ಬೈಗುಳ ಕೇಳಿಸಿಕೊಂಡು ತಲೆ ಬಗ್ಗಿಸಿ ಕೂತರು.

ಒಂದು ಶುಕ್ರವಾರ ಬೆಳಿಗ್ಗೆ ಕುಕ್ಕರ್ ಇಟ್ಟು, ಮೂರು ವಿಸಿಲ್ ಆದ ಮೇಲೆ ಆರಿಸಿ ಎಂದು ಇವರಿಗೆ ಹೇಳಿ ಕೆಳಗಿನ ಅಂಗಡಿಗೆ ಕೊತ್ತಂಬರಿ ತರಲು ಹೋದೆ. ಅಲ್ಲಿ ಊರಿನ ತೊಂಡೆಕಾಯಿ ಬಂದಿತ್ತು, ಆರಿಸುತ್ತಾ ಹೊತ್ತಾಯಿತು. ಹಿಂದಿರುಗಿ ಬರುವಾಗ ಮೆಟ್ಟಿಲ ಬಳಿಯೇ ವಿಸಿಲಿನ ಸದ್ದು. ಒಳಗೆ ಬಂದರೆ ಕುಕ್ಕರ್ ಒಂದೇ ಸಮನೆ ಕಿರುಚುತ್ತಿದೆ, ಇವರು ಅಡುಗೆಮನೆಯ ಬಾಗಿಲಿಗೆ ಒರಗಿದ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದಾರೆ. ನಾನು ಓಡಿಹೋಗಿ ಆರಿಸಿದೆ. “ಒಂದು ವಿಸಿಲೂ ಆಗಲಿಲ್ಲ ಮಾರಾಯ್ತಿ, ಕಾದುಕೊಂಡೇ ಇದ್ದೆ” ಎಂದರು. ಮುಖದಲ್ಲಿ ನಟನೆ ಇರಲಿಲ್ಲ.

ಮಧ್ಯಾಹ್ನ ಅವರು ಕಿಟಕಿ ಕಡೆ ಮುಖ ಮಾಡಿ ಕೂತಿದ್ದಾಗ ಹಿಂದೆ ನಿಂತು, ಮಾಮೂಲಿ ದನಿಯಲ್ಲಿ, ನಿಮ್ಮಮ್ಮನ ಕೈಯಡುಗೆ ನನಗೆ ಒಂದು ದಿನವೂ ಸೇರಿಲ್ಲ ಎಂದೆ. ತಾಯಿಯ ಸುದ್ದಿಗೆ ಹೋದರೆ ಸುಮ್ಮನಿರುವ ಮನುಷ್ಯನಲ್ಲ ಅವರು. ಪುಟ ತಿರುಗಿಸಿದರು. ಇನ್ನೂ ಜೋರಾಗಿ ಇನ್ನೂ ಕೆಟ್ಟ ಮಾತು ಒಂದು ಆಡಿದೆ. ಆಗಲೂ ಇಲ್ಲ. ಅಷ್ಟು ದಿನ ಆಡಿದ ಕಿವುಡು, ಜಾಣಕಿವುಡು ಎಲ್ಲ ಮಾತೂ ನನಗೇ ತಿರುಗಿ ಬಡಿಯಿತು.

ಎದುರು ಹೋಗಿ ಕೂತು ಕೇಳಿದಾಗ ಅವರು ಮುಚ್ಚಿಡಲಿಲ್ಲ. ಎದುರಿಗಿದ್ದರೆ ತುಟಿ ನೋಡಿ ಗೊತ್ತಾಗುತ್ತದೆ, ಗಂಡಸರ ದಪ್ಪ ದನಿ ಅಷ್ಟಿಷ್ಟು ಕೇಳುತ್ತದೆ, ಹೆಂಗಸರದು, ಮಕ್ಕಳದು ಬರೀ ಗಾಳಿ ಬೀಸಿದ ಹಾಗೆ ಎಂದರು. ರೇಡಿಯೋದಲ್ಲಿ ಏನೂ ತಿಳಿಯುವುದಿಲ್ಲ. ವರ್ಷಕ್ಕೊಮ್ಮೆಯ ವೈದ್ಯಕೀಯ ತಪಾಸಣೆಯಲ್ಲಿ ಎದುರಿಗೆ ಕೂತು ಪ್ರಶ್ನೆ ಕೇಳಿದ್ದರಿಂದ ದಾಟಿಕೊಂಡಿದ್ದರು. ಗೊತ್ತಾದರೆ ರ‍್ಯಾಂಪಿಗೆ ಹೋಗುವ ಪಾಸ್ ಕಿತ್ತುಕೊಳ್ಳುತ್ತಾರೆ. ಪಾಸ್ ಇಲ್ಲದ ರ‍್ಯಾಂಪ್ ಸೂಪರ್‌ವೈಸರನಿಗೆ ಕೆಲಸವಿಲ್ಲ. ನಾನೂ ಮಗಳೂ ಇದ್ದದ್ದು ಅವರ ವೀಸಾದ ಮೇಲೆ. ಯಾರಿಗೂ ಹೇಳಬೇಡ ಎಂದು ಕೈ ಹಿಡಿದುಕೊಂಡರು. ಮೆಟ್ಟಿಲು ಹತ್ತಿ ನನ್ನ ಮುಖ ನೋಡಲು ಬರುತ್ತಿದ್ದದ್ದೂ ಇದಕ್ಕೇ. ಆ ಸಂಗತಿ ಹೊಳೆದಾಗ ನನಗಾದ ನಾಚಿಕೆ, ದುಃಖ ಎರಡನ್ನೂ ಇವತ್ತಿಗೂ ಬೇರೆ ಬೇರೆ ಮಾಡಲಾರೆ.

ಅದೇ ಹೊತ್ತಿಗೆ ಜಪಾನಿನ ಒಸಾಕಾಕ್ಕೆ ನೇರ ವಿಮಾನ ಶುರುವಾಗುವುದಿತ್ತು. ಅಲ್ಲಿಯ ನಿಲ್ದಾಣದಿಂದ ಒಬ್ಬ ಹಿರಿಯರನ್ನು ಕೆಲವು ವಾರಗಳ ಮಟ್ಟಿಗೆ ನಮ್ಮಲ್ಲಿಗೆ ಕಳಿಸಿದರು. ಆ ವಿಮಾನಕ್ಕೆ ಕೈ ಹಾಕುವವರು ಅಲ್ಲಿಯ ಕೆಲಸದ ಕ್ರಮ ಕಲಿತಿರಬೇಕು ಎಂದು. ನಿವೃತ್ತಿಗೆ ಹತ್ತಿರವಾದ ತೆಳ್ಳನೆಯ ಮನುಷ್ಯ. ಬಿಸಿಲಿನಲ್ಲಿ ಹಾಕುವ ಹೊಳೆಯುವ ಜಾಕೀಟಿಗೂ ಇಸ್ತ್ರಿ ಹಾಕಿಸಿಕೊಂಡು ಬರುತ್ತಿದ್ದರು. ಇಂಗ್ಲಿಷ್ ಬಿಡಿ ಬಿಡಿ ಪದಗಳಷ್ಟೇ. ಕರಾವಳಿಯ ಹುಡುಗರು ಮೊದಲ ದಿನವೇ ಅವರಿಗೆ ಜಪಾನಿ ಮಾಸ್ಟ್ರು ಎಂದು ಹೆಸರಿಟ್ಟರು.

ಅವರ ನಿಲ್ದಾಣದಲ್ಲಿ ಸೂಟ್‌ಕೇಸುಗಳನ್ನು ತಿರುಗುವ ಪಟ್ಟಿಯ ಮೇಲೆ ಇಡುವಾಗ ಹಿಡಿ ಪ್ರಯಾಣಿಕರ ಕಡೆಗೇ ಇರಬೇಕಂತೆ, ಎತ್ತಿಕೊಳ್ಳಲು ಸುಲಭವಾಗಲಿ ಎಂದು. ಮಳೆಯಲ್ಲಿ ನೆನೆದಿದ್ದರೆ ಒರೆಸಿ ಇಡಬೇಕಂತೆ. ನಮ್ಮವರು ನಕ್ಕರು. ನಮ್ಮಲ್ಲಿ ಸೂಟ್‌ಕೇಸಿಗೆ ಚಕ್ರ ಉಳಿದರೆ ಅದೇ ಪುಣ್ಯ ಎಂದು ಒಬ್ಬ ಹಿಂದಿಯಲ್ಲಿ ಹೇಳಿದ. ಮಾಸ್ಟ್ರಿಗೆ ಅರ್ಥವಾಗಲಿಲ್ಲ, ಆದರೂ ಎಲ್ಲರೂ ನಕ್ಕರೆಂದು ತಾವೂ ತಲೆ ಬಾಗಿಸಿದರು.

ಅವರು ಕಲಿಸಲು ಬಂದ ಮುಖ್ಯ ವಿದ್ಯೆ ಬೇರೆಯೇ. ಕೆಲಸದ ಪ್ರತಿ ಹಂತದಲ್ಲೂ ತೋಳು ನೀಡಿ, ಆ ವಸ್ತುವಿಗೆ ಬೆರಳು ತೋರಿಸಿ, ಅದರ ಹೆಸರು ಜೋರಾಗಿ ಕೂಗಿ, ನೋಡಿ ಖಾತ್ರಿಯಾದ ಮೇಲೆ ಸರಿ ಇದೆ ಎಂದು ಕೂಗಬೇಕು. ಬಾಗಿಲಿನ ಚಿಲಕ, ಸರಿ. ಚಕ್ರಕ್ಕೆ ಕೊಟ್ಟ ಅಡ್ಡಗಟ್ಟೆ, ಸರಿ. ಒಬ್ಬ ಕೂಗಿದ್ದನ್ನು ಜೊತೆಗಾರ ನೋಡಿ ತಿರುಗಿ ಕೂಗಬೇಕು. ಕಣ್ಣು ಕಂಡದ್ದನ್ನು ಬಾಯಿ ಹೇಳಬೇಕು, ಬಾಯಿ ಹೇಳಿದ್ದನ್ನು ಕಿವಿ ಕೇಳಬೇಕು, ಆಗ ಮನಸ್ಸು ಬೇರೆ ಕಡೆ ಓಡುವುದಿಲ್ಲ ಎಂದು ಅವರು ವಿವರಿಸಿದ್ದನ್ನು ನಾನೇ ಹಿಂದಿಗೆ ಮಾಡಿ ಹೇಳಿದೆ. ಲೋಡ್ ಕಂಟ್ರೋಲಿನವರೂ ಈ ಪಾಠಕ್ಕೆ ಬರಲೇಬೇಕೆಂದಿತ್ತು. ಕಿವಿ ಎನ್ನುವಾಗ ನಾನು ಇವರ ಕಡೆ ನೋಡಲಿಲ್ಲ.

ಅಲ್ಲೊಂದು ತಮಾಷೆ ನಡೆಯಿತು. ತಂಡದಲ್ಲಿ ಅರ್ಧಕ್ಕರ್ಧ ಮಂಗಳೂರು, ಉಡುಪಿ ಕಡೆಯವರು. ಎಳೆ ಮುಳ್ಳುಸೌತೆಗೆ, ಹೀರೆಕಾಯಿ ಮಿಡಿಗೆ ಬೆರಳು ತೋರಿಸಿದರೆ ಕೊಳೆತು ಉದುರುತ್ತದೆ ಎಂದು ಚಿಕ್ಕಂದಿನಲ್ಲಿ ಕೈಗೆ ಪೆಟ್ಟು ತಿಂದು ಬೆಳೆದವರು. ತೋರಿಸಲೇಬೇಕಾದರೆ ಬೆರಳು ಮಡಚಿ ಗೆಣ್ಣಿನಿಂದ ತೋರಿಸಬೇಕು. ಮಾಸ್ಟ್ರು ತೋರಿಸಿ ಎಂದಾಗ ಅಷ್ಟೂ ಜನ ಇಂಜಿನ್ನಿನ ಕಡೆಗೆ ಮಡಚಿದ ಬೆರಳು ಚಾಚಿದರು. ತಾವು ಹಾಗೆ ಮಾಡುತ್ತಿದ್ದೇವೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಮಾಸ್ಟ್ರು ಗಾಬರಿಯಿಂದ ಒಬ್ಬೊಬ್ಬರ ಕೈ ಹಿಡಿದು ನೋಡಿ, ಗಂಟು ನೋವೇ ಎಂದು ವಿಚಾರಿಸಿದರು. ಕೊನೆಗೆ ನಮ್ಮ ಯಜಮಾನರು ಸೌತೆಕಾಯಿ ಕಥೆ ಬಿಡಿಸಿ ಹೇಳಿದರು. ಮಾಸ್ಟ್ರು ನಗಲಿಲ್ಲ. ಸ್ವಲ್ಪ ಯೋಚಿಸಿ, ತಮ್ಮ ದೇಶದಲ್ಲೂ ಮನುಷ್ಯರಿಗೆ ಬೆರಳು ತೋರಿಸುವುದಿಲ್ಲ, ಪೂರ್ತಿ ಅಂಗೈ ತೋರಿಸುತ್ತಾರೆ, ನಿಮಗೆ ವಿಮಾನವೂ ಹಾಗೇ ಎಂದಾದರೆ ಅಂಗೈಯೇ ಇರಲಿ ಎಂದರು. ಅಂದಿನಿಂದ ನಮ್ಮವರು ವಿಮಾನಕ್ಕೆ ಆಶೀರ್ವಾದ ಮಾಡಿದ ಹಾಗೆ ಕೈ ಚಾಚತೊಡಗಿದರು. ಕೂಗುವ ಮಾತು ಯಾವ ಭಾಷೆಯದಾದರೂ ಆಗಬಹುದಿತ್ತು. ಮಲಯಾಳಿಗಳ ಶರಿ, ನಮ್ಮ ಸರಿ ಎರಡೂ ಒಂದೇ ಆದ್ದರಿಂದ ನೇಪಾಳದವರೂ ಫಿಲಿಪೀನ್ಸಿನವರೂ ಅದನ್ನೇ ಕಲಿತರು.

ಎಲ್ಲರಿಗಿಂತ ಚೆನ್ನಾಗಿ ಕಲಿತವರು ನಮ್ಮ ಯಜಮಾನರು. ಅವರ ಖುಷಿ ನೋಡಬೇಕಿತ್ತು. “ಇಷ್ಟು ದಿನ ಎಲ್ಲ ಬಾಯಲ್ಲಿ ಮಾತ್ರ ಹೇಳ್ತಿದ್ರು. ಈಗ ಕೈಯಲ್ಲೂ ಹೇಳ್ತಾರೆ” ಎಂದು ಮನೆಗೆ ಬಂದು ಹೇಳಿದರು. ಯಾರು ಯಾವುದನ್ನು ಕೂಗಿದರು ಎಂಬುದು ಅವರಿಗೆ ಕಣ್ಣಿಗೇ ಕಾಣುತ್ತಿತ್ತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ನಾನೂ ಉಸಿರುಬಿಟ್ಟೆ. ಮಾಸ್ಟ್ರನ್ನು ದೇವರೇ ಕಳಿಸಿದ ಎಂದುಕೊಂಡೆ.

ಕ್ಯಾಂಟೀನಿನಲ್ಲಿ ಒಂದು ಮಧ್ಯಾಹ್ನ ಮಾಸ್ಟ್ರು ತಮ್ಮ ನಿಲ್ದಾಣದ ಫೋಟೋಗಳನ್ನು ತೋರಿಸಿದರು. ಅದು ಸಮುದ್ರದ ನಡುವೆ ಮಣ್ಣು ಸುರಿದು ಮಾಡಿದ ದ್ವೀಪದ ಮೇಲಿದೆ. ಊರಿನಿಂದ ಅಲ್ಲಿಗೆ ಉದ್ದನೆಯ ಸೇತುವೆ. ವಿಮಾನ ಹೊರಡುವಾಗ ಕೆಲಸಗಾರರು ಸಾಲಾಗಿ ನಿಂತು ಬಾಗಿ ನಮಸ್ಕರಿಸಿ ಕೈ ಬೀಸುತ್ತಿರುವ ಒಂದು ಚಿತ್ರ. ದೋಣಿ, ಕಡಲು ಕಂಡವರಾದ ನಮ್ಮ ಕರಾವಳಿಯವರಿಗೆ ಒಂದೇ ಅನುಮಾನ: ಮಣ್ಣು ಕೂರುವುದಿಲ್ಲವೇ? ಕೂರುತ್ತದೆ ಎಂದರು ಮಾಸ್ಟ್ರು. ಪ್ರತಿ ವರ್ಷ ದ್ವೀಪ ಅಷ್ಟಷ್ಟು ಇಳಿಯುತ್ತದೆ, ಎಲ್ಲ ಕಡೆ ಒಂದೇ ಸಮನೆಯೂ ಇಳಿಯುವುದಿಲ್ಲ. ಅದಕ್ಕೇ ಕಟ್ಟಡದ ಕಂಬಗಳ ಬುಡದಲ್ಲಿ ಜಾಕ್ ಇಡಲು ಜಾಗ ಬಿಟ್ಟು ಕಟ್ಟಿದ್ದಾರೆ. ಆಗಾಗ ಅಳೆದು, ಇಳಿದ ಕಡೆ ಕಂಬ ಎತ್ತಿ ಕೆಳಗೆ ಕಬ್ಬಿಣದ ಹಲಗೆ ತೂರಿಸುತ್ತಾರೆ. ಇಳಿದದ್ದು ಎಷ್ಟು ಎಂದು ಎಲ್ಲರಿಗೂ ತಿಳಿಸುತ್ತಾರೆ.

ಇವರಿಗೆ ಅರ್ಧ ಕೇಳಿರಲಿಲ್ಲ. ನಾನು ಅವರ ಕಡೆ ತಿರುಗಿ, ತುಟಿ ಕಾಣುವ ಹಾಗೆ ಇನ್ನೊಮ್ಮೆ ಹೇಳಿದೆ. ಮುಳುಗುತ್ತಿರುವುದನ್ನು ಊರಿಗೆಲ್ಲ ಯಾಕೆ ಹೇಳುವುದು, ಜನ ಹೆದರುವುದಿಲ್ಲವೇ ಎಂದು ಇವರು ಕೇಳಿದರು. ಮಾಸ್ಟ್ರು ಇವರನ್ನೇ ನೋಡುತ್ತಾ ಅಂದ ಮಾತು ಇಷ್ಟೇ: “ಹೇಳದಿದ್ದರೆ ಜಾಕ್ ಯಾರು ತರುತ್ತಾರೆ?” ಇವರು ಆ ದಿನ ಊಟ ಪೂರ್ತಿ ಮಾಡಲಿಲ್ಲ.

ಅದಾಗಿ ಕೆಲವು ದಿನಕ್ಕೆ ನಮ್ಮ ಆಫೀಸಿನ ಕಿಟಕಿಯಲ್ಲಿ ನಿಂತಿದ್ದೆ. ಕೆಳಗೆ ಇವರು ವಿಮಾನದ ಹೊಟ್ಟೆಯ ಕಡೆ ಮುಖ ಮಾಡಿ ನಿಂತಿದ್ದರು. ಊಟ ತಂದ ಲಾರಿ ಖಾಲಿಯಾಗಿ ಹಿಂದಕ್ಕೆ ಬರುತ್ತಿತ್ತು. ಹಿಂದಕ್ಕೆ ಬರುವಾಗ ಅದು ಪೀಂ ಪೀಂ ಎಂದು ಕೂಗುತ್ತದಲ್ಲ, ಆ ಸದ್ದು ದಪ್ಪ ಗಾಜಿನ ಈಚೆಗಿದ್ದ ನನಗೂ ಕೇಳುತ್ತಿತ್ತು. ಇವರು ಅಲುಗಲಿಲ್ಲ. ಲಾರಿ ಬಂದೇ ಬಂತು. ನಾನು ಗಾಜಿಗೆ ಬಡಿದೆ, ರೀ ರೀ ಎಂದು ಅರಚಿದೆ. ಕಿವಿ ಚೆನ್ನಾಗಿದ್ದವರಿಗೂ ಅದು ಕೇಳಿಸುವ ದೂರವಲ್ಲ. ನೇಪಾಳದವನೊಬ್ಬ ಹಾರಿ ಇವರ ಜಾಕೀಟು ಹಿಡಿದು ಎಳೆದುಕೊಂಡ. ಲಾರಿ ಅವರು ನಿಂತಿದ್ದ ಜಾಗವನ್ನು ದಾಟಿ ನಿಂತಿತು. ಇವರು ಅವನು ಆಟಕ್ಕೆ ಎಳೆದನೆಂದು ತಿಳಿದು ನಗುತ್ತಾ ಬೆನ್ನು ತಟ್ಟಿದರು. ಆಮೇಲೆ ಹಿಂದಿರುಗಿ ನೋಡಿದರು. ಆಚೆ ಬದಿಯಲ್ಲಿ ಮಾಸ್ಟ್ರು ನಿಂತು ಎಲ್ಲ ನೋಡುತ್ತಿದ್ದರು.

ಮರುದಿನ ಮಾಸ್ಟ್ರು ನಮ್ಮ ಆಫೀಸಿಗೆ ಬಂದು ನನ್ನ ಮೇಜಿನ ಮುಂದೆ ಬಾಗಿ ವಂದಿಸಿ ಒಂದೇ ಒಂದು ಪ್ರಶ್ನೆ ಕೇಳಿದರು. ನಿಮ್ಮ ಮನೆಯಲ್ಲಿ ಫೋನ್ ಬಂದರೆ ಯಾರು ಎತ್ತುತ್ತಾರೆ? ನಾನೇ ಎಂದೆ. ಯಾವಾಗಲೂ? ಯಾವಾಗಲೂ ಎಂದೆ. ಅವರು ಇನ್ನೊಮ್ಮೆ ಬಾಗಿ ಹೊರಟುಹೋದರು. ನನಗೆ ಮೈಯೆಲ್ಲ ಉರಿಯಿತು. ಸುತ್ತಿ ಬಳಸಿ ಕೇಳುವ ಬದಲು ನೇರ ಕೇಳಿದ್ದರೆ ನೇರವಾಗಿಯೇ ಸುಳ್ಳು ಹೇಳುತ್ತಿದ್ದೆ. ಈ ಮನುಷ್ಯ ಅದಕ್ಕೂ ಅವಕಾಶ ಕೊಡಲಿಲ್ಲ.

ಸಂಜೆ ಮನೆಯಲ್ಲಿ ನಾನು ಪಟ್ಟು ಹಿಡಿದೆ. ಮಾಸ್ಟ್ರು ಹೇಳುವ ಮುಂಚೆ ನೀವೇ ಹೇಳಿಬಿಡಿ ಎಂದೆ. ಮಗಳ ಶಾಲೆ ಒಂದು ಹಂತ ಮುಟ್ಟುವ ತನಕ ತಳ್ಳಿದರೆ ಸಾಕು, ಆಮೇಲೆ ಊರಿಗೆ ಹೋಗುವ ಎಂದರು. ಆ ತನಕ ಎಷ್ಟು ಲಾರಿ ಹಿಂದಕ್ಕೆ ಬರುತ್ತವೆ ಎಂದು ಕೇಳಿದೆ. ಆಗ ಅವರಿಗೂ ಸಿಟ್ಟು ಬಂತು.

“ನಾನು ಬಾಯಿ ಬಿಟ್ರೆ ಪಾಸ್ ಹೋಗ್ತದೆ. ಪಾಸ್ ಹೋದ್ರೆ ವೀಸಾ. ವೀಸಾ ಹೋದ್ರೆ ಮಗಳ ಶಾಲೆ. ನಿನಗೆ ಇದ್ರಲ್ಲಿ ಯಾವುದು ಬೇಕು, ಅದನ್ನು ಹೇಳು.”

“ನೀವು ಬೇಕು ಕಣ್ರೀ” ಎಂದೆ. “ಲಾರಿ ಅಡಿಗೆ ಸಿಗದೆ ಇರೋ ನೀವು ಬೇಕು.”

ಅವರು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಅವರು ಮುಖ ತಿರುಗಿಸಿದರೆ ಮುಗಿಯಿತು, ನನ್ನ ಮಾತು ಅವರ ಪಾಲಿಗೆ ಇಲ್ಲ. ನಾನು ಆ ಬೆನ್ನಿಗೆ ಬಹಳ ಹೊತ್ತು ಏನೇನೋ ಹೇಳಿದೆ. ಬೈದೆ, ಬೇಡಿಕೊಂಡೆ, ಕ್ಷಮೆ ಕೇಳಿದೆ.

ಮೊದಲ ಒಸಾಕಾ ವಿಮಾನ ಹೊರಡುವ ದಿನ ಬಂತು. ಮಾಸ್ಟ್ರ ಊರಿನಲ್ಲಿ ಕೆಲಸಕ್ಕೆ ಇಳಿಯುವ ಮುಂಚೆ ಇನ್ನೊಂದು ಪದ್ಧತಿ ಇದೆ. ಇಬ್ಬಿಬ್ಬರು ಎದುರುಬದುರು ನಿಂತು ಒಬ್ಬರನ್ನೊಬ್ಬರು ಪರೀಕ್ಷಿಸಬೇಕು. ಟೊಪ್ಪಿ, ಜಾಕೀಟು, ಶೂ, ಕಿವಿಯ ಮಫ್, ಕೊನೆಗೆ ಆರೋಗ್ಯ. ಅಂಗೈ ಚಾಚಿ ಹೆಸರು ಹೇಳಬೇಕು, ಎದುರಿಗಿದ್ದವರು ನಿಜಕ್ಕೂ ಸರಿ ಇದ್ದರೆ ಮಾತ್ರ ಸರಿ ಎಂದು ಕೂಗಬೇಕು. ಆ ಸರಿಗೆ ಕೂಗಿದವರೇ ಜವಾಬ್ದಾರರು. ಆ ಬೆಳಿಗ್ಗೆ ಒಬ್ಬ ಜ್ವರ ಎಂದು ಬಂದಿರಲಿಲ್ಲ, ಜೋಡಿ ಕೂಡಲಿಲ್ಲ, ಇವರು ಒಂಟಿಯಾಗಿ ಉಳಿದರು. ತೂಕದ ಕಾಗದ ಹಿಡಿದು ಪಕ್ಕದಲ್ಲಿ ನಿಂತಿದ್ದ ನನ್ನನ್ನು ಮಾಸ್ಟ್ರು ಕರೆದು ಇವರ ಎದುರು ನಿಲ್ಲಿಸಿದರು. ಬೇಕೆಂದೇ ಮಾಡಿದರೋ, ಹಾಗೇ ಒದಗಿಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಕ್ಷಣ ಮಾತ್ರ ಅವರ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ.

ಅಂಗೈ ಚಾಚಿದೆ. ಟೊಪ್ಪಿ, ಸರಿ. ಜಾಕೀಟು, ಸರಿ. ಶೂ, ಸರಿ. ಮಫ್, ಸರಿ. ಸುತ್ತ ಎಲ್ಲ ಜೋಡಿಗಳೂ ಕೂಗುತ್ತಿದ್ದವು. ಆರೋಗ್ಯ ಎಂದೆ. ಇವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಸರಿ ಎಂದುಬಿಟ್ಟರೆ ಮುಗಿಯುತ್ತಿತ್ತು. ಬಾಯಿ ಬಡುಕಿ ಎಂದು ಹೆಸರಾದವಳು ನಾನು, ಒಂದು ಮಾತು ಹೊರಡಿಸಲಾರದೆ ನಿಂತೆ. ಉಳಿದ ಜೋಡಿಗಳ ಕೂಗು ಒಂದೊಂದಾಗಿ ನಿಂತು ಎಲ್ಲರೂ ನಮ್ಮ ಕಡೆ ತಿರುಗಿದರು. ಇವರು ನನ್ನ ಚಾಚಿದ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದರು.

“ಅವಳು ಹೇಳುವುದು ಬೇಡ” ಎಂದರು ಮಾಸ್ಟ್ರ ಕಡೆ ತಿರುಗಿ, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. “ನನಗೆ ಕಿವಿ ಕೇಳುವುದಿಲ್ಲ.”

ಮಾಸ್ಟ್ರು ಟೊಪ್ಪಿ ತೆಗೆದು, ಸೊಂಟದವರೆಗೆ ಬಾಗಿ, ಹಾಗೇ ಸ್ವಲ್ಪ ಹೊತ್ತು ಇದ್ದರು. ಆಮೇಲೆ ತಂಡದ ಹೊಣೆಯನ್ನು ಎರಡನೆಯವನಿಗೆ ಕೊಟ್ಟರು. ಇವರನ್ನು ಬಯಲಿನಿಂದ ಹೊರಗೆ ಕಳಿಸಲಿಲ್ಲ. ತಮ್ಮ ಪಕ್ಕದಲ್ಲೇ, ಗೆರೆಯ ಈಚೆಗೆ, ವಿಮಾನ ಹೊರಡುವ ತನಕ ನಿಲ್ಲಿಸಿಕೊಂಡರು. ಅದು ಹಿಂದೆ ಸರಿದು ತಿರುಗಿಕೊಂಡಾಗ ಮಾಸ್ಟ್ರ ಜೊತೆಗೆ ಇವರೂ ಬಾಗಿದರು, ಕೈ ಬೀಸಿದರು. ನಾನು ಅಳುತ್ತಿದ್ದೆ, ಸಿಟ್ಟಿಗೋ ಸಮಾಧಾನಕ್ಕೋ ಹೇಳಲಾರೆ.

ಮುಂದಿನದನ್ನು ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ರ‍್ಯಾಂಪ್ ಪಾಸ್ ಹೋಯಿತು. ಮಾಸ್ಟ್ರು ಹೊರಡುವ ಮುಂಚೆ ಮೇಲಿನವರ ಬಳಿ ಹೋಗಿ, ತನ್ನ ಕಿವಿಯ ಬಗ್ಗೆ ತಾನೇ ಹೇಳಿದ ಮನುಷ್ಯನನ್ನು ಕಳೆದುಕೊಳ್ಳಬೇಡಿ ಎಂದು ಹೇಳಿ ಹೋದರಂತೆ. ಅದು ಎಷ್ಟು ನಡೆಯಿತೋ, ನಮ್ಮ ಅದೃಷ್ಟ ಎಷ್ಟೋ, ಗೋದಾಮಿನಲ್ಲಿ ಕಡಿಮೆ ಸಂಬಳದ ಒಂದು ಜಾಗ ಕೊಟ್ಟರು. ನಾವು ಮದೀನತ್ ಖಲೀಫಾ ಬಡಾವಣೆಯ ಒಂದು ವಿಲ್ಲಾದ ಹಿಂಭಾಗದ ಎರಡು ಕೋಣೆಗೆ ಮನೆ ಬದಲಾಯಿಸಿದೆವು. ಮಗಳಿಗೆ ಎಲ್ಲ ಹೇಳಿದೆ. ಅವಳು ಸುಮ್ಮನೆ ಕೇಳಿಸಿಕೊಂಡು, ಅಪ್ಪನ ಮುಂದೆ ಹೋಗಿ ನಿಂತು, ತನ್ನ ಮುರುಕು ಕನ್ನಡದಲ್ಲಿ ಶಾಲೆಯ ಸುದ್ದಿಯನ್ನೆಲ್ಲ ಮೊದಲಿಂದ ಹೇಳಿದಳು. ಆದರೆ ಇದೆಲ್ಲ ಆಮೇಲಿನ ಮಾತು. ನನ್ನ ಮನಸ್ಸು ಪದೇ ಪದೇ ಹೋಗಿ ನಿಲ್ಲುವುದು ಪಾಸ್ ಕಿತ್ತುಕೊಳ್ಳುವ ಮುಂಚೆ ಕಿವಿಯ ಪರೀಕ್ಷೆಗೆ ಕಳಿಸಿದರಲ್ಲ, ಆ ಬೆಳಿಗ್ಗೆಯಲ್ಲಿ.

ಆಸ್ಪತ್ರೆಯಲ್ಲಿ ಸದ್ದೇ ನುಸುಳದ ಒಂದು ಗೂಡಿನಂಥ ಕೋಣೆ, ಅದಕ್ಕೊಂದು ಪುಟ್ಟ ಗಾಜಿನ ಕಿಟಕಿ. ಇವರನ್ನು ಒಳಗೆ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿ ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗಲೆಲ್ಲ ಒತ್ತಬೇಕು. ಪರೀಕ್ಷೆ ಮಾಡುವ ಹುಡುಗಿ ಕೇರಳದವಳು, ನನ್ನನ್ನು ತನ್ನ ಪಕ್ಕದಲ್ಲೇ ಕೂರಲು ಬಿಟ್ಟಳು. ಅವಳು ಸದ್ದು ಕಳಿಸಿದಾಗ ಯಂತ್ರದ ಮೇಲೆ ಒಂದು ದೀಪ ಹತ್ತುತ್ತದೆ, ಅವರು ಒತ್ತಿದರೆ ಪಕ್ಕದ ಇನ್ನೊಂದು ದೀಪ.

ದಪ್ಪ ಸದ್ದುಗಳಿಗೆ ಎರಡೂ ದೀಪ ಹತ್ತಿದವು. ನಾನು ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದೆ. ಹುಡುಗಿ ಸಣ್ಣ ದನಿಗಳ ಕಡೆಗೆ ಹೋದಳು. ಅವಳ ದೀಪ ಹತ್ತಿತು. ಪಕ್ಕದ್ದು ಹತ್ತಲಿಲ್ಲ. ಅವಳು ಸದ್ದು ಏರಿಸಿದಳು, ಮತ್ತೆ ಏರಿಸಿದಳು. ಗಾಜಿನ ಆಚೆ ಇವರು ಬೆನ್ನು ನೆಟ್ಟಗೆ ಮಾಡಿಕೊಂಡು, ಗುಂಡಿಯ ಮೇಲೆ ಹೆಬ್ಬೆರಳಿಟ್ಟು, ಮುಂದಿನ ಸದ್ದಿಗೆ ಎಚ್ಚರದಿಂದ ಕಾಯುತ್ತಾ ಕೂತಿದ್ದರು. ಇತ್ತ ದೀಪ ಒಂದೇ ಸಮನೆ ಹತ್ತಿ ಆರುತ್ತಿತ್ತು. ಕೊನೆಕೊನೆಗೆ ಆ ಸದ್ದು ಗೋಡೆ ದಾಟಿ ನನಗೂ ಸಣ್ಣಗೆ ಕೇಳತೊಡಗಿತು. ಅವರು ನನ್ನನ್ನು ನೋಡಿ ಮುಗುಳ್ನಕ್ಕರು.

ಬಾಗಿಲು ತೆಗೆದಾಗ ಎಷ್ಟೋ ತಿಂಗಳಿಂದ ನಾನು ಕಾಣದ ನಿರಾಳ ಅವರ ಮುಖದಲ್ಲಿತ್ತು. ಹೆಡ್‌ಫೋನ್ ತೆಗೆದಿಟ್ಟು, ಕೂದಲು ಸರಿ ಮಾಡಿಕೊಂಡು, ನನ್ನ ಹತ್ತಿರ ಬಂದು ಪಿಸುಗುಟ್ಟಿದರು:

“ನಾನು ಹೆದರಿದಷ್ಟಿಲ್ಲ ಮಾರಾಯ್ತಿ. ಬಂದ ಸದ್ದಿಗೆಲ್ಲ ಒತ್ತಿದ್ದೇನೆ, ಒಂದೂ ಬಿಡಲಿಲ್ಲ.”